ಕೆರೆ ತುಂಬಿತು, ಮೀನೆಲ್ಲಿ?

ಪ್ರಶ್ನೆ: ಸರ್, ಮುಳಬಾಗಿಲು ಹತ್ತಿರದ ನಮ್ಮೂರ ಕೆರೆಯಲ್ಲಿ ಭಾನುವಾರ ಗಾಳ ಹಾಕುವುದು ನನ್ನ ಹವ್ಯಾಸ. ಬರದ ವರ್ಷ ನೀರು ಇಳಿಯುವಾಗ ಕಾಟ್ಲಾ, ರೋಹು ಬುಟ್ಟಿಗಟ್ಟಲೆ ಸಿಕ್ಕವು. ಆಮೇಲೆ ಕೆರೆ ಬತ್ತಿತು. ಈಗ ತುಂಬಿದೆ, ಆದರೆ ಅಂಗೈಯಗಲದ ಜಿಲೇಬಿ ಮೀನು (ತಿಲಾಪಿಯಾ) ಬಿಟ್ಟರೆ ಏನೂ ಕಚ್ಚುತ್ತಿಲ್ಲ. ದೊಡ್ಡ ಮೀನು ಮತ್ತೆ ಬರುತ್ತವೆಯೇ?

ಉತ್ತರ: ತಾವಾಗಿ ಬರುವುದಿಲ್ಲ. ಕಾಟ್ಲಾ, ರೋಹು, ಮೃಗಾಲ ಮೂರೂ ಹೊಳೆಯ ಮೀನುಗಳು. ಮುಂಗಾರಿನ ಹರಿವಿನಲ್ಲಿ ಮೊಟ್ಟೆಯಿಡುತ್ತವೆ, ನಿಂತ ಕೆರೆ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲವಲ್ಲ! ನೀವು ಹಿಡಿದ ಕಾಟ್ಲಾಗಳು ಯಾರೋ ತಂದು ಬಿಟ್ಟ ಮರಿಗಳು. ಈಗ ಮತ್ತೆ ಬಿತ್ತನೆಯಾಗಬೇಕು. ಮೇವು ಚೆನ್ನಾಗಿದ್ದರೂ ಕಾಟ್ಲಾ ಒಂದು ಕಿಲೋ ತೂಗಲು ಸುಮಾರು ವರ್ಷ ಬೇಕು. ಜಿಲೇಬಿ ಹಾಗಲ್ಲ. ಕೆಲವೇ ತಿಂಗಳಲ್ಲಿ ಮರಿ ಹಾಕಿ ಕೆರೆ ತುಂಬಿಕೊಳ್ಳುತ್ತದೆ, ಇಕ್ಕಟ್ಟಿನಲ್ಲಿ ಬೆಳೆಯದೆ ಕುಳ್ಳಾಗಿಯೇ ಉಳಿಯುತ್ತದೆ.

ಅಂದು ಬುಟ್ಟಿ ತುಂಬಿದ್ದು ಇಡೀ ಕೆರೆಯ ಮೀನು ತೂಬಿನ ಗುಂಡಿಗೆ ಬಂದು ಸೇರಿದ್ದರಿಂದ. ಆದರೆ ಆ ಇಕ್ಕಟ್ಟಿನ ಬಿಸಿ ನೀರಿನಲ್ಲಿ ಮೀನಿಗೆ ಉಸಿರೂ ಸಾಲದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಹಸಿರುಗಟ್ಟಿದ ನೀರಾದರೆ ಪಾಚಿಯೂ ರಾತ್ರಿಯೆಲ್ಲ ಉಸಿರಾಡುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ಮೇಲೆ ಬರುವುದು ಇದಕ್ಕೇ. ಅಂಥ ಹೊತ್ತಿನಲ್ಲಿ ಹಿಡಿದು ವಾಪಸ್ ಬಿಟ್ಟರೂ ಎಳೆದಾಡಿ ಸುಸ್ತಾದ ಮೀನು ಉಳಿಯುವುದು ಕಷ್ಟ. ಬೇಸಿಗೆಯಲ್ಲಿ ಗಾಳ ಹಾಕಲೇಬೇಕೆಂದರೆ ಬಿಸಿಲೇರಿ ಒಂದೆರಡು ಗಂಟೆ ಆದ ಮೇಲೆ ಹಾಕಿ, ಮಧ್ಯಾಹ್ನಕ್ಕೆ ಮುಂಚೆ ಎದ್ದುಬಿಡಿ. ಬಿಡುವ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ನೀರು ಗುಂಡಿಗೆ ಇಳಿದ ಮೇಲಂತೂ ಗಾಳ ಮನೆಯಲ್ಲೇ ಇರಲಿ.

ನನಗೆ ಹೆಚ್ಚು ಕಳವಳ ಕೊರಮೀನಿನದು. ನೀರಿನಲ್ಲಿ ಉಸಿರು ಸಾಲದಿದ್ದರೆ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಕೆಸರಿನಲ್ಲೂ ಕೆಲಕಾಲ ತಡೆಯುತ್ತದೆ. ಅದು ಕೆರೆಯಲ್ಲೇ ಮರಿ ಮಾಡುವ ನಮ್ಮ ಮೀನು. ಆದರೆ ಗೂಡು ಕಟ್ಟುವುದು ಅಂಚಿನ ಜೊಂಡಿನಲ್ಲಿ, ಬರದಲ್ಲಿ ಮೊದಲು ಒಣಗುವುದೂ ಅದೇ ಅಂಚು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅವನ್ನು ಎಳೆದು ಹಾಕಿದರೆ ಆ ಮರಿಗಳು ಬೇರೆ ಮೀನಿನ ಪಾಲು. ದಯವಿಟ್ಟು ಅಲ್ಲಿ ಗಾಳ ಬಿಡಬೇಡಿ.

ಕೆರೆಯ ಮೀನು ಗುತ್ತಿಗೆ ಯಾರದೆಂದು ವಿಚಾರಿಸಿ, ಈ ಸಲ ಮರಿ ಬಿಟ್ಟಿದ್ದಾರೆಯೇ ಕೇಳಿ. ಬೇಗ ಬೆಳೆಯುತ್ತದೆಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ತಂದರೆ ಒಪ್ಪಬೇಡಿ. ಅದರ ಸಾಕಣೆ ನಮ್ಮಲ್ಲಿ ನಿಷೇಧ, ಸಿಕ್ಕ ಮರಿಗಳನ್ನೆಲ್ಲ ನುಂಗುತ್ತದೆ.