ಮಳೆ ಅಷ್ಟೇ ಸುರಿಯುತ್ತದೆ, ತೋಡು ಮಾತ್ರ ಬೇಗ ಬತ್ತುತ್ತದೆ, ಯಾಕೆ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಕಡೆ ನಾಲ್ಕು ಎಕರೆ ಕಾಫಿ ತೋಟ. ಕೆಳಗಿನ ತೋಡಿನಲ್ಲಿ (ಸಣ್ಣ ಹಳ್ಳ) ಹಿಂದೆ ಕಾಫಿ ಹೂಬಿಡಿಸುವ ಬೇಸಿಗೆಯ ಹೂಮಳೆ ಬರುವವರೆಗೂ ನೀರಿರುತ್ತಿತ್ತು. ಈಗ ಸಂಕ್ರಾಂತಿ ಕಳೆದರೆ ಬರೀ ಕಲ್ಲು. ಮೇಲಿನ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗದಲ್ಲಿ, ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ್ದಾರೆ. ಆ ಮರ ನೀರೆಲ್ಲ ಕುಡಿದುಬಿಡುತ್ತದೆ ಅಂತಾರೆ. ನಿಜವಾ?

ಉತ್ತರ: ನೀರು ಕುಡಿಯದ ಮರ ಯಾವುದಿದೆ? ನಿಮ್ಮ ಅಂಗಳದ ಹಲಸೂ ಕುಡಿಯುತ್ತದೆ. ಹಾಗಾಗಿ ತಪ್ಪನ್ನೆಲ್ಲ ಒಂದೇ ಮರದ ತಲೆಗೆ ಕಟ್ಟುವುದು ಬೇಡ. ನಮ್ಮ ಮುಂಗಾರು ಬರುವುದು ಅರಬ್ಬೀ ಸಮುದ್ರದಿಂದ. ಒಂದು ಬಾಣೆಯ ಮರ ಹೋಯಿತು ಅಂತ ಅದು ನಿಲ್ಲುವುದಿಲ್ಲ. ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ.

ಒಂದು ದಿನ ಹತ್ತಿರದ ದೇವರಕಾಡಿಗೆ, ದೇವರ ಹೆಸರಲ್ಲಿ ಕಡಿಯದೆ ಬಿಟ್ಟ ಕಾಡಿಗೆ, ಹೋಗಿ ನೋಡಿ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ, ನಿಮ್ಮೂರಲ್ಲೂ ಒಂದು ಇದ್ದೇ ಇರುತ್ತದೆ. ಅಲ್ಲಿ ನೆಲದ ಮೇಲೆ ಒಣಗಿದ ಎಲೆ, ಅದರಡಿ ಅರ್ಧ ಕೊಳೆತ ಎಲೆ, ಅದರಡಿ ಕಪ್ಪು ಮಣ್ಣು. ಎರೆಹುಳು ಕೊರೆದ ತೂತು, ಸತ್ತ ಬೇರು ಬಿಟ್ಟುಹೋದ ದಾರಿ, ಎಲ್ಲ ಕಾಣುತ್ತವೆ. ಜುಲೈ ಮಳೆ ಈ ತೂತುಗಳಿಂದಲೇ ಒಳಗಿಳಿಯುತ್ತದೆ. ಅದೇ ನೀರು ತಿಂಗಳುಗಟ್ಟಲೆ ತಡವಾಗಿ ನಿಮ್ಮ ತೋಡಿಗೆ ಬರುತ್ತದೆ. ಮರ ಕಡಿದು, ಜೆಸಿಬಿ ಓಡಾಡಿಸಿ, ನೆಲ ಕೆರೆದು ಬಿಟ್ಟರೆ ಮೇಲ್ಮಣ್ಣು ಗಟ್ಟಿಯಾಗುತ್ತದೆ. ಆಮೇಲೆ ಮಳೆಗಾಲದಲ್ಲಿ ತೋಡು ಕೆಂಪಗೆ ಉಕ್ಕುತ್ತದೆ, ಬೇಸಿಗೆಗೆ ಏನೂ ಉಳಿಯುವುದಿಲ್ಲ.

ಸಿಲ್ವರ್ ಓಕ್‌ನ ಕೊರತೆ ಬೇರೆ. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಚೆನ್ನ. ಆದರೆ ಎಲೆ ಬೇಗ ಕೊಳೆಯುವುದಿಲ್ಲ, ಅತ್ತಿ, ಬಸರಿಯಷ್ಟು ಅಗಲದ ನೆರಳೂ ಇಲ್ಲ. ನೆರಳು ತೆಳುವಾದ ಅರೇಬಿಕಾ ಕಾಫಿ ತೋಟಕ್ಕೆ ಕಾಂಡಕೊರಕ ಹುಳು ಬರುವುದು ಹೆಚ್ಚು. ಇಷ್ಟಾದರೂ ಹಾಕಿದವರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಸಿಲ್ವರ್ ಓಕನ್ನು ಬೇಕಾದಾಗ ಕಡಿದು ಮಾರಬಹುದು. ಬೀಟೆ, ಹೊನ್ನೆ ಬೆಳೆಸಿದವನು ಅನುಮತಿಗೆ ಕಚೇರಿ ಅಲೆಯಬೇಕು. ಎಷ್ಟೋ ಬಾಣೆಗಳಲ್ಲಿ ಮರದ ಹಕ್ಕೇ ಸರ್ಕಾರದ್ದು. ತನ್ನದಲ್ಲದ ಮರವನ್ನು ಯಾರು ಆಸೆಯಿಂದ ಸಾಕುತ್ತಾರೆ ಹೇಳಿ?

ಮೇಲಿನ ಬಾಣೆ ನಿಮ್ಮ ಕೈಯಲ್ಲಿಲ್ಲ, ಕೆಳಗಿನದು ಇದೆ. ತೋಡಿನ ಎರಡೂ ದಡ ಬಿಟ್ಟುಬಿಡಿ, ಅತ್ತಿ, ನೇರಳೆ, ಬಿದಿರು ಬರಲಿ. ಕಳೆಯನ್ನು ಗುದ್ದಲಿಯಿಂದ ಕೆರೆಯಬೇಡಿ, ಕತ್ತಿಯಿಂದ ಸವರಿ ಅಲ್ಲೇ ಹಾಕಿ. ಮರಕಪಾತಿನ, ಅಂದರೆ ನೆರಳಿನ ಮರದ ಕೊಂಬೆ ಸವರಿದ, ಸೊಪ್ಪನ್ನೂ ತೋಟದಲ್ಲೇ ಬಿಡಿ. ಗದ್ದೆ ಪಾಳು ಬಿಟ್ಟಿದ್ದರೆ ಅದನ್ನು ಮಣ್ಣು ತುಂಬಿಸಿ ಸೈಟು ಮಾಡಲು ಮಾತ್ರ ಕೊಡಬೇಡಿ. ಮಳೆಗಾಲವಿಡೀ ನೀರು ನಿಲ್ಲುವ ಗದ್ದೆಯೇ ನಿಮ್ಮ ಬಾವಿಯ ಬಂಡವಾಳ.

ಪ್ರಶ್ನೆ: ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಹೋಂಸ್ಟೇಗೆಂದು ಮರ ಕಡಿದು ಬರೆ ತೆಗೆದಿದ್ದಾರೆ, ಅಂದರೆ ಇಳಿಜಾರನ್ನು ನೆಟ್ಟಗೆ ಕತ್ತರಿಸಿದ್ದಾರೆ. ಎರಡು ಮಳೆಗಾಲ ಕಳೆಯಿತು, ಏನೂ ಆಗಿಲ್ಲ. ಇನ್ನು ಭಯವಿಲ್ಲ ಅಲ್ವಾ? ನೀರು ಇಂಗಲಿ ಅಂತ ಮೇಲೆ ಇಂಗುಗುಂಡಿ ತೋಡಿಸುವ ಯೋಚನೆಯಿದೆ.

ಉತ್ತರ: ಇಂಗುಗುಂಡಿ ಬೇಡವೇ ಬೇಡ. ಸಮತಟ್ಟಿನಲ್ಲಿ ಅದು ಒಳ್ಳೆಯದು, ಕಡಿದಾದ ಗುಡ್ಡದಲ್ಲಿ, ಅದೂ ಮನೆಯ ನೆತ್ತಿಯ ಮೇಲೆ, ಅದು ಮಣ್ಣಿನ ತೂಕ ಹೆಚ್ಚಿಸುತ್ತದೆ. ನೀವು ಮಾಡಬೇಕಾದದ್ದು ಉಲ್ಟಾ. ಮೇಲಿನ ನೀರು ಬರೆಯೊಳಗೆ ಇಳಿಯದಂತೆ ಪಕ್ಕಕ್ಕೆ ಚರಂಡಿ ಮಾಡಿ ಸಾಗಿಸಿ.

ಎರಡು ಮಳೆಗಾಲದ ಧೈರ್ಯವೂ ಬೇಡ. ಮರ ಕಡಿದ ವರ್ಷ ಬೇರು ಇನ್ನೂ ಗಟ್ಟಿಯಿರುತ್ತದೆ, ಮಣ್ಣನ್ನು ಹಿಡಿದುಕೊಂಡಿರುತ್ತದೆ. ಅದು ಕೊಳೆಯುತ್ತಾ ಬರುವುದು ಆಮೇಲಿನ ವರ್ಷಗಳಲ್ಲಿ. ಆಗ ಹಿಡಿತ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ವಿಪರೀತ ಮಳೆಯಿತ್ತು ನಿಜ. ರಸ್ತೆಗೆ, ಮನೆಗೆ ಇಳಿಜಾರು ಕತ್ತರಿಸಿದ್ದೂ ಕಾರಣ ಎಂದು ಭೂವಿಜ್ಞಾನಿಗಳು ಆಗಲೇ ಹೇಳಿದ್ದರು. ಹಾಗಂತ ಕಾಡಿದ್ದರೆ ಕುಸಿಯುವುದೇ ಇಲ್ಲ ಎಂದೂ ಅಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದದ್ದು ಕಾಡಿನ ನಡುವೆಯೇ.

ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ಇಲ್ಲದ ಕಡೆ ಕೆಸರು ನೀರು ಜಿನುಗುವುದು, ಹರಿಯುತ್ತಿದ್ದ ತೋಡು ಮಳೆಯಲ್ಲೇ ಥಟ್ಟನೆ ನಿಲ್ಲುವುದು, ಬಾಗಿಲು ಸುಮ್ಮಸುಮ್ನೆ ಬಿಗಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು. ಆ ರಾತ್ರಿ ಅಲ್ಲಿ ಮಲಗಬೇಡಿ, ದನದ ಹಗ್ಗ ಬಿಚ್ಚಿ ಹೊರಡಿ.

ಪ್ರಶ್ನೆ: ನಾವು ಜೇನುಕುರುಬರು, ಕಾಡಂಚಿನ ಆದಿವಾಸಿ ಹಾಡಿಯವರು. ನಮ್ಮ ಅಜ್ಜನ ಕಾಲದಷ್ಟು ಜೇನು, ಕಳಲೆ, ಗೆಣಸು ಈಗ ಸಿಗುವುದಿಲ್ಲ. ತರಲು ಹೋದರೆ ಕೇಸು ಹಾಕುತ್ತೇವೆ ಅಂತಾರೆ.

ಉತ್ತರ: ಹೆಜ್ಜೇನು ಹೆಚ್ಚಾಗಿ ಕಟ್ಟುವುದು ಎತ್ತರದ ಹಳೇ ಮರದಲ್ಲಿ. ಅಂಥ ಮರ ಕಾಡಿನಲ್ಲೂ ತೋಟದಲ್ಲೂ ಕಡಿಮೆಯಾಗಿದೆ. ಬಿದಿರು ಹೂಬಿಟ್ಟು ಸತ್ತ ಕಡೆ ಲಂಟಾನ ಕಳೆ ತುಂಬಿಕೊಂಡಿದೆ, ಅದರಡಿ ಗೆಣಸು ಏಳುವುದಾದರೂ ಹೇಗೆ? ಮೇವಿಲ್ಲದ ಆನೆ ತೋಟದ ಹಲಸಿಗೆ ಬರುವುದಕ್ಕೆ ಇದೂ ಒಂದು ಕಾರಣ. ಕೂಲಿಗೆ ಹೋಗುವ ದಾರಿಯಲ್ಲಿ ಅದಕ್ಕೆ ಎದುರಾಗುವವರು ಹೆಚ್ಚಾಗಿ ನಿಮ್ಮವರೇ.

ಕೇಸಿನ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಜೇನು, ಬಿದಿರು, ಗೆಡ್ಡೆಯಂಥ ಕಿರು ಅರಣ್ಯ ಉತ್ಪನ್ನದ ಮೇಲೆ ನಿಮಗೆ ಹಕ್ಕಿದೆ. ತರಬಹುದು, ಮಾರಲೂಬಹುದು. ಮನೆ, ಜಮೀನಿನ ಅರ್ಜಿ ಬೇರೆ, ಇದು ಬೇರೆ. ಇದಕ್ಕೆ ಸಮುದಾಯ ಹಕ್ಕಿನ ಅರ್ಜಿ, ಅಂದರೆ ನಮೂನೆ ‘ಬಿ’ ಬೇಕು. ಹಾಡಿಯ ಹಿರಿಯರನ್ನು ಕೂರಿಸಿಕೊಂಡು ಯಾವ ಗುಡ್ಡ, ಯಾವ ತೋಡು, ಯಾವ ಜೇನುಮರ ಎಂದು ಹೆಸರು ಸಮೇತ ಬರೆಯಿಸಿ. ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದೆ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಚೀಟಿಯ ಜೆರಾಕ್ಸ್ ಒಂದನ್ನು ಕಾಡಿಗೆ ಹೋಗುವವರ ಜೇಬಲ್ಲಿ ಇಟ್ಟಿರಿ.