ಸಂಜೆಯ ಲೋಟದಲ್ಲಿ ಚಹಾದ ಬದಲು ಕಷಾಯ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ ಶಿಕ್ಷಕಿ. ದಿನಕ್ಕೆ ಐದು ಸಲ ಕಾಫಿ ಇಲ್ಲವೇ ಚಹಾ ಕುಡಿಯುವುದು ಬಹುಕಾಲದ ರೂಢಿ. ಕೊನೆಯ ಲೋಟ ಕಾಫಿ ರಾತ್ರಿ ಏಳು ಗಂಟೆಗೆ. ಇತ್ತೀಚೆಗೆ ಮಲಗಿದ ಮೇಲೆ ಬಹಳ ಹೊತ್ತು ನಿದ್ದೆ ಹತ್ತುವುದಿಲ್ಲ, ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ. ಮಗಳು ‘ಕೆಫೀನ್ ಇಲ್ಲದ ಗಿಡಮೂಲಿಕೆ ಚಹಾ, ಮನಸ್ಸಿಗೆ ನೆಮ್ಮದಿ, ಜೀರ್ಣಕ್ಕೆ ಹಿತ’ ಎಂದು ಬರೆದಿರುವ ಡಬ್ಬಿಯೊಂದನ್ನು ತಂದುಕೊಟ್ಟಿದ್ದಾಳೆ. ಅದರಲ್ಲಿ ಸೋಂಪು, ಶುಂಠಿ, ನಿಂಬೆಹುಲ್ಲು, ತುಳಸಿ ಮತ್ತು ಕ್ಯಾಮೊಮೈಲ್ ಹೂವು ಇವೆ. ನನ್ನ ಅಜ್ಜಿ ಮಾಡುತ್ತಿದ್ದ ಕೊತ್ತಂಬರಿ–ಜೀರಿಗೆ ಕಷಾಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಮನೆಯಲ್ಲೇ ಮಾಡಿಕೊಂಡರೆ ಸಾಲದೇ?
— ಓದುಗರು, ಸಾಗರ

ಉತ್ತರ: ಖಂಡಿತ ಸಾಕು. ಆದರೆ ಕಷಾಯದ ವಿಷಯಕ್ಕೆ ಬರುವ ಮೊದಲು ನಿಮ್ಮ ಏಳು ಗಂಟೆಯ ಕಾಫಿಯ ಬಗ್ಗೆ ಹೇಳಬೇಕು. ನಿಮ್ಮ ನಿದ್ದೆಯ ತೊಂದರೆಗೆ ಅದೇ ಮುಖ್ಯ ಕಾರಣವಿರಬಹುದೆಂದು ನನಗೆ ತೋರುತ್ತದೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ, ಅದು ಹೆಚ್ಚಿದಂತೆ ಕಣ್ಣು ಎಳೆಯತೊಡಗುತ್ತದೆ. ಕೆಫೀನ್ ಈ ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುವುದರಿಂದ, ದೇಹ ದಣಿದಿದ್ದರೂ ಆ ದಣಿವಿನ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ, ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಕರಗಿಹೋಗಲು ಸರಾಸರಿ 5 ಗಂಟೆ ಬೇಕು. ಅಂದರೆ ನೀವು ಏಳು ಗಂಟೆಗೆ ಕುಡಿದ ಕಾಫಿಯ ಅರ್ಧ ಕೆಫೀನ್ ನಡುರಾತ್ರಿಯಲ್ಲಿಯೂ ರಕ್ತದಲ್ಲಿರುತ್ತದೆ. ಆದ್ದರಿಂದ ಸಂಜೆ ಗಿಡಮೂಲಿಕೆಯ ಪಾನೀಯ ಕುಡಿಯತೊಡಗಿದವರು ‘ಮನಸ್ಸು ಶಾಂತವಾಯಿತು’ ಎಂದಾಗ, ಅದರಲ್ಲಿ ದೊಡ್ಡ ಪಾಲು ಲೋಟದೊಳಗೆ ಬಂದ ಮೂಲಿಕೆಗಳದ್ದಲ್ಲ, ಲೋಟದಿಂದ ಹೊರಗೆ ಹೋದ ಕೆಫೀನಿನದು ಎಂದು ನಾನು ನಂಬುತ್ತೇನೆ.

ಹಾಗೆಂದು ಮೂಲಿಕೆಗಳಲ್ಲಿ ಸತ್ವವಿಲ್ಲವೆಂದಲ್ಲ. ಕ್ಯಾಮೊಮೈಲ್ ನಮ್ಮ ಸೇವಂತಿಗೆಯ ಕುಟುಂಬಕ್ಕೇ ಸೇರಿದ, ಯುರೋಪಿನವರು ತಲೆಮಾರುಗಳಿಂದ ರಾತ್ರಿ ಕುಡಿಯುತ್ತಾ ಬಂದಿರುವ ಹೂವು. ಅದರಲ್ಲಿ ಅಪಿಜೆನಿನ್ ಎಂಬ ಅಂಶವಿದೆ, ಅದರ ಹಿತವಾದ ಪರಿಣಾಮದ ಬಗ್ಗೆ ಸಣ್ಣ ಪ್ರಮಾಣದ ಅಧ್ಯಯನಗಳೂ ನಡೆದಿವೆ. ಆದರೆ ಅದು ನಿದ್ದೆಯ ಮಾತ್ರೆಯಂತೆ ಕೆಲಸ ಮಾಡುತ್ತದೆಂದು ನಿರೀಕ್ಷಿಸಬೇಡಿ. ಜೀರ್ಣದ ವಿಷಯದಲ್ಲಿ ನಮ್ಮ ಅಡುಗೆಮನೆಯ ಡಬ್ಬಿಗಳೇ ಮುಂದಿವೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆಯಲ್ಲಿ, ಜೀರಿಗೆ, ಶುಂಠಿ, ಮೆಣಸಿನ ಅಂಶ ಮುಂತಾದವನ್ನು ಇಲಿಗಳ ಆಹಾರದಲ್ಲಿ ಬೆರೆಸಿ ನೋಡಿದಾಗ, ಪಿತ್ತರಸದ ಸ್ರಾವವೂ ಮೇದೋಜೀರಕ ಗ್ರಂಥಿಯ ಕಿಣ್ವಗಳೂ ಹೆಚ್ಚಿದ್ದು ಕಂಡುಬಂದಿದೆ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆನ್ನಲಾಗದಿದ್ದರೂ, ಊಟವಾದ ಮೇಲೆ ಜೀರಿಗೆ ನೀರು ಕೊಡುತ್ತಿದ್ದ ಅಜ್ಜಿಯರ ಅನುಭವಕ್ಕೆ ಇದರಿಂದ ಒಂದು ನೆಲೆ ಸಿಕ್ಕಿತೆಂದು ನನಗೆ ಸಂತೋಷವಾಗುತ್ತದೆ. ಸೋಂಪಿನ ಸುವಾಸನೆಗೆ ಕಾರಣವಾದ ಅನೆಥೋಲ್ ಎಂಬ ತೈಲಾಂಶ ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸಬಲ್ಲದು. ಹೊಟ್ಟೆ ಉಬ್ಬರಕ್ಕೆ ಸೋಂಪು ಜಗಿಯುವ ರೂಢಿಗೆ ಇದೇ ಆಧಾರ.

ಇನ್ನು ಮಾಡುವ ಕ್ರಮ. ನೂರು ಗ್ರಾಂ ಕೊತ್ತಂಬರಿ ಬೀಜ, ಐವತ್ತು ಗ್ರಾಂ ಜೀರಿಗೆ, ಇಪ್ಪತ್ತೈದು ಗ್ರಾಂ ಸೋಂಪು, ಸುಮಾರು ಹತ್ತು ಗ್ರಾಂ ಒಣಶುಂಠಿ, ಐದಾರು ಏಲಕ್ಕಿ ತೆಗೆದುಕೊಳ್ಳಿ. ಕೊತ್ತಂಬರಿ, ಜೀರಿಗೆ, ಸೋಂಪುಗಳನ್ನು ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಘಮ್ಮೆನ್ನುವವರೆಗೆ ಮಾತ್ರ ಹುರಿಯಿರಿ. ಬಣ್ಣ ತಿರುಗಿದರೆ ಪರಿಮಳವೂ ಹೋಯಿತೆಂದೇ ತಿಳಿಯಿರಿ. ಆರಿದ ಮೇಲೆ ಶುಂಠಿ, ಏಲಕ್ಕಿಯೊಡನೆ ತರಿತರಿಯಾಗಿ ಪುಡಿಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ಒಮ್ಮೆಗೆ ಒಂದು ತಿಂಗಳಿಗಾಗುವಷ್ಟು ಮಾಡಿಕೊಂಡರೆ ಸಾಕು. ನೆಗಡಿಯ ಕಷಾಯಕ್ಕೆ ಹಾಕುವಂತೆ ಇದಕ್ಕೆ ಧಾರಾಳವಾಗಿ ಕಾಳುಮೆಣಸು ಹಾಕಬೇಡಿ. ರಾತ್ರಿಯ ಹೊತ್ತು ಆ ಖಾರ ಕೆಲವರಿಗೆ ಎದೆಯುರಿ ತರುತ್ತದೆ.

ಕುದಿಸುವುದರಲ್ಲಿಯೂ ಒಂದು ವಿವೇಕವಿದೆ. ಆಯುರ್ವೇದದಲ್ಲಿ ದ್ರವ್ಯವನ್ನು ನೀರಿನಲ್ಲಿ ಕುದಿಸಿ ಬತ್ತಿಸುವುದಕ್ಕೆ ಕ್ವಾಥವೆಂದೂ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು ಸೋಸುವುದಕ್ಕೆ ಫಾಂಟವೆಂದೂ ಬೇರೆಬೇರೆ ಹೆಸರುಗಳಿವೆ. ಗಟ್ಟಿಯಾದ ಬೀಜ, ಬೇರುಗಳನ್ನು ಕುದಿಸಬೇಕು. ತುಳಸಿ, ನಿಂಬೆಹುಲ್ಲು, ಹೂವುಗಳಂತಹ ಕೋಮಲ ವಸ್ತುಗಳನ್ನು ಕುದಿಸಿದರೆ ಅವುಗಳ ತೈಲಾಂಶ ಆವಿಯ ಜೊತೆಗೇ ಹಾರಿಹೋಗುತ್ತದೆ. ಆದ್ದರಿಂದ ಒಂದೂಕಾಲು ಲೋಟ ನೀರಿಗೆ ಒಂದು ಸಣ್ಣ ಚಮಚ ಪುಡಿ ಹಾಕಿ ನಾಲ್ಕೈದು ನಿಮಿಷ ಕುದಿಸಿ, ಒಲೆ ಆರಿಸಿದ ಮೇಲೆ ಬೇಕಿದ್ದರೆ ಎರಡು ತುಳಸಿ ಎಲೆ ಇಲ್ಲವೇ ಒಂದು ಗರಿ ನಿಂಬೆಹುಲ್ಲು (ಮಲೆನಾಡಿನಲ್ಲಿ ಇದನ್ನೇ ಮಜ್ಜಿಗೆಹುಲ್ಲು ಎನ್ನುವರು) ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಈ ಮುಚ್ಚಳವನ್ನು ಮರೆಯಬೇಡಿ: ಅಡುಗೆಮನೆಯೆಲ್ಲ ಘಮಘಮಿಸಿದಷ್ಟೂ ಲೋಟದಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ಹಾಲು ಬೇಕೆನಿಸಿದರೆ ಕಾಲು ಲೋಟ ಸೇರಿಸಿಕೊಳ್ಳಬಹುದು; ಆದರೆ ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ, ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಂಭವವಿದೆ. ಹೊಟ್ಟೆ ಉಬ್ಬರಕ್ಕಾಗಿ ಕುಡಿಯುವಾಗ ಹಾಲು ಬಿಡುವುದೇ ಮೇಲು.

ಐದು ಲೋಟವನ್ನೂ ಒಂದೇ ದಿನ ನಿಲ್ಲಿಸಬೇಡಿ. ರೂಢಿಯಾದವರು ಕೆಫೀನನ್ನು ಥಟ್ಟನೆ ಬಿಟ್ಟರೆ ಮರುದಿನದಿಂದಲೇ ತಲೆನೋವು, ಮಂಕು, ಸಿಡುಕು ಕಾಣಿಸಿಕೊಂಡು ಕೆಲವು ದಿನ, ಕೆಲವರಲ್ಲಿ ವಾರದವರೆಗೂ ಇರುತ್ತವೆ. ಮೊದಲು ಏಳು ಗಂಟೆಯ ಲೋಟವನ್ನು ಕಷಾಯಕ್ಕೆ ಬದಲಿಸಿ, ಮುಂದಿನ ವಾರ ಸಂಜೆಯದನ್ನು. ಬೆಳಗಿನ ಕಾಫಿಯನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹೀಗೆ ಮಾಡಿಯೂ ಉಬ್ಬರ ಕಡಿಮೆಯಾಗದಿದ್ದರೆ, ಅಥವಾ ಅದರ ಜೊತೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಮಲ ಕಪ್ಪಾಗುವುದು ಕಂಡುಬಂದರೆ, ಕಷಾಯವನ್ನು ನಂಬಿಕೊಂಡು ಕೂರದೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮ ವಯಸ್ಸಿನಲ್ಲಿ ಹೊಸದಾಗಿ ಬಂದ ಹೊಟ್ಟೆಯ ತೊಂದರೆಯನ್ನು ಹಗುರವಾಗಿ ನೋಡಬಾರದು.

ಪ್ರಶ್ನೆ: ಗ್ರೀನ್ ಟೀ ಕೂಡ ಗಿಡಮೂಲಿಕೆ ಚಹಾವೇ ಅಲ್ಲವೇ? ಕೆಫೀನ್ ತೆಗೆದ ಕಾಫಿ ಕುಡಿಯಬಹುದೇ?
— ಓದುಗರು, ಹಾವೇರಿ

ಉತ್ತರ: ಅಲ್ಲ. ಗ್ರೀನ್ ಟೀ, ಕಪ್ಪು ಚಹಾ, ಬಿಳಿ ಚಹಾ ಎಲ್ಲವೂ ಒಂದೇ ಚಹಾ ಗಿಡದ ಎಲೆಗಳು. ಸಂಸ್ಕರಿಸುವ ಕ್ರಮವಷ್ಟೇ ಬೇರೆ, ಕೆಫೀನ್ ಎಲ್ಲದರಲ್ಲಿಯೂ ಇದೆ. ‘ಹರ್ಬಲ್’ ಎಂದು ಬರೆದ ಡಬ್ಬಿಯಲ್ಲಿಯೂ ತುಳಸಿಯ ಜೊತೆಗೆ ಗ್ರೀನ್ ಟೀ ಬೆರೆತಿರುವುದು ಸಾಮಾನ್ಯವಾದ್ದರಿಂದ, ಮುಂಭಾಗದ ದೊಡ್ಡ ಅಕ್ಷರಗಳನ್ನಲ್ಲ, ಹಿಂಭಾಗದ ಪದಾರ್ಥಗಳ ಪಟ್ಟಿಯನ್ನು ಓದಿ. ದಕ್ಷಿಣ ಅಮೆರಿಕದ ಯೆರ್ಬಾ ಮಾತೆ, ಗ್ವಾರಾನಾಗಳು ಚಹಾ ಗಿಡದಿಂದ ಬಂದವಲ್ಲದಿದ್ದರೂ ಅವುಗಳಲ್ಲಿ ಕೆಫೀನ್ ಇದೆ. ಪಟ್ಟಿಯಲ್ಲಿ ಸೋನಾಮುಖಿ ಇದ್ದರೆ ಅದು ಭೇದಿಯ ಮೂಲಿಕೆಯೆಂದು ತಿಳಿದಿರಲಿ. ಅದನ್ನು ದಿನವೂ ಕುಡಿಯುವುದು ಸರಿಯಲ್ಲ. ಕೆಫೀನ್ ತೆಗೆದ ಕಾಫಿಯಲ್ಲಿಯೂ ಕೆಲವು ಮಿಲಿಗ್ರಾಂ ಉಳಿದಿರುತ್ತದೆ, ಬಹುತೇಕರಿಗೆ ಅದರಿಂದ ತೊಂದರೆಯಾಗದು.

ಪ್ರಶ್ನೆ: ನಮ್ಮ ಯಜಮಾನರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಗಂಟಲಿಗೆ ಹಿತವೆಂದು ಕಷಾಯಕ್ಕೆ ಜೇಷ್ಠಮಧು ಸೇರಿಸುತ್ತಿದ್ದೇವೆ. ಏಳು ತಿಂಗಳ ಗರ್ಭಿಣಿಯಾದ ಸೊಸೆಯೂ ಅದನ್ನೇ ಕುಡಿಯಬಹುದೇ?
— ಓದುಗರು, ಪುತ್ತೂರು

ಉತ್ತರ: ಇಬ್ಬರಿಗೂ ಜೇಷ್ಠಮಧುವನ್ನು ಇಂದೇ ನಿಲ್ಲಿಸಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅದರ ಸಿಹಿಗೆ ಕಾರಣವಾದ ಗ್ಲೈಸಿರೈಝಿನ್, ದಿನವೂ ಸೇವಿಸಿದಾಗ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಇಳಿಸಿ, ರಕ್ತದೊತ್ತಡವನ್ನು ಏರಿಸುತ್ತದೆ. ಮಾತ್ರೆ ಒಂದು ಕಡೆಗೆ ಎಳೆಯುವಾಗ ಕಷಾಯ ಇನ್ನೊಂದು ಕಡೆಗೆ ಎಳೆದಂತಾಗುತ್ತದೆ. ಕಾಳುಮೆಣಸಿನ ವಿಷಯದಲ್ಲಿಯೂ ಹಿತಮಿತವಿರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶದ 2 ಗ್ರಾಂ ಜೊತೆಗೆ ಕೇವಲ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ, ಕೊಟ್ಟಾಗ ರಕ್ತ ಸೇರುವ ಕರ್ಕ್ಯುಮಿನ್ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. ಅರಿಶಿನದ ಅಂಶವನ್ನು ಹಾಗೆ ಹೆಚ್ಚಿಸುವ ವಸ್ತು ಕೆಲವು ಔಷಧಿಗಳ ಪ್ರಮಾಣವನ್ನೂ ಹೆಚ್ಚಿಸಬಲ್ಲದು. ಸಾರಿನಲ್ಲಿ ಬೀಳುವ ಮೆಣಸಿಗೆ ಹೆದರಬೇಕಾಗಿಲ್ಲ. ಚಮಚಗಟ್ಟಲೆ ಪುಡಿ ಹಾಕಿದ ಕಷಾಯ ಬೇಡ. ರಕ್ತ ತಿಳಿಗೊಳಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ, ಯಾವ ಮೂಲಿಕೆಯನ್ನೇ ಆಗಲಿ ದಿನನಿತ್ಯದ ರೂಢಿಯಾಗಿಸುವ ಮೊದಲು ವೈದ್ಯರನ್ನು ಕೇಳಿ.

ಗರ್ಭಿಣಿಯರಿಗೆ ಕೆಫೀನ್ ಕಡಿಮೆ ಮಾಡುವುದು ನಿಜಕ್ಕೂ ಒಳ್ಳೆಯದು, ಏಕೆಂದರೆ ಕೊನೆಯ ತಿಂಗಳುಗಳಲ್ಲಿ ಅದು ದೇಹದಿಂದ ಹೊರಹೋಗುವ ವೇಗ ಬಹಳ ತಗ್ಗುತ್ತದೆ. ದಿನಕ್ಕೆ 200 ಮಿಲಿಗ್ರಾಂ ಮೀರಬಾರದೆಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ಸಲಹೆ. ಆದರೆ ಅದರ ಬದಲಿಗೆ ಹತ್ತಾರು ಮೂಲಿಕೆಗಳ ಮಿಶ್ರಣವನ್ನು ಕುಡಿಸುವುದು ಸುರಕ್ಷಿತವೆಂದಾಗುವುದಿಲ್ಲ. ಅಡುಗೆಯಲ್ಲಿ ಬಳಸುವ ಪ್ರಮಾಣದ ಕೊತ್ತಂಬರಿ, ಜೀರಿಗೆ, ಚೂರು ಶುಂಠಿಯಿಂದ ಮಾಡಿದ ತೆಳುವಾದ ಕಷಾಯವನ್ನು ದಿನಕ್ಕೊಂದು ಸಣ್ಣ ಲೋಟ, ಅದೂ ಅವರನ್ನು ನೋಡುತ್ತಿರುವ ವೈದ್ಯರಿಗೆ ತಿಳಿಸಿ ಕೊಡಿ. ಅಶ್ವಗಂಧ ಬೆರೆತ ‘ನೆಮ್ಮದಿ’ಯ ಪುಡಿಗಳನ್ನು ಮಾತ್ರ ಈ ಸಮಯದಲ್ಲಿ ಮುಟ್ಟಬೇಡಿ. ಮಗು ಹುಟ್ಟಿದ ಮೇಲೆ ಹೊಟ್ಟೆನೋವೆಂದು ಯಾರಾದರೂ ಸೋಂಪಿನ ನೀರನ್ನು ಒಳಲೆಯಲ್ಲಿ ಹಿಡಿದು ಬಂದರೆ, ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂದು ಪ್ರೀತಿಯಿಂದಲೇ ಹೇಳಿ ತಡೆಯಿರಿ.