ಮೊದಲ ನೀರು ಎಲ್ಲಿಂದ ಬಂತು?

ನಮಸ್ಕಾರ,

ಅಂಟಾರ್ಕ್ಟಿಕಾ ಯಾತ್ರೆಗೆ ಹೋಗಿ ಮಂಜುಗಡ್ಡೆಯಲ್ಲಿ ಸಿಕ್ಕಿ ಮುಳುಗಿದ ಎಂಡ್ಯೂರೆನ್ಸ್ ಹಡಗಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಇಸವಿಗಳೂ ಸರಿಯಾಗಿವೆ. ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ಮುರಿದ ಹಡಗಿನೊಳಗೆ ಕೊರೆಯುವ ನೀರಿಗಿಳಿದು ಗಾಜಿನ ನೆಗೆಟಿವ್‌ಗಳನ್ನು ಎತ್ತಿ ತಂದ ಪ್ಯಾರಾ ಬಹಳ ಹಿಡಿಸಿತು. ಹೊತ್ತುಕೊಂಡು ಹೋಗಲು ಆಗುವುದಿಲ್ಲ ಅಂತ ಸುಮಾರು 400 ಗಾಜುಗಳನ್ನು ಒಡೆದು ಹಾಕಿ, 120 ಮಾತ್ರ ಉಳಿಸಿಕೊಂಡರು ಎಂದು ಬರೆದಿದ್ದೀರಿ. ಇಷ್ಟು ಚೆನ್ನಾಗಿ ಬರೆಯಬಲ್ಲವರು ಹಡಗಿನ ಸಾವನ್ನು ಹೀಗೆ ಬರೆದಿದ್ದಾರಲ್ಲ ಅನ್ನುವುದೇ ನನ್ನ ಸಿಟ್ಟು.

ನಿಮ್ಮ ಸಾಲು ಇದು: ‘ಹಿಮರಾಕ್ಷಸ ತನ್ನ ಕರಾಳ ಹಸ್ತ ಚಾಚಿ ಕ್ಷಣಾರ್ಧದಲ್ಲಿ ಹಡಗನ್ನು ನುಚ್ಚುನೂರು ಮಾಡಿದ.’

ಮೊದಲು ‘ಹಿಮ’. ಲೇಖನದಲ್ಲಿ ಈ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. 41 ಸಲ. ಆಕಾಶದಿಂದ ಉದುರುವುದೂ ಹಿಮ, ಸಮುದ್ರದಲ್ಲಿ ತೇಲುವ ಬೆಟ್ಟವೂ ಹಿಮ, ಹಡಗನ್ನು ಹಿಡಿದದ್ದೂ ಹಿಮ. ಇವು ಮೂರೂ ಬೇರೆ ಬೇರೆ, ಅಲ್ವಾ? ತೇಲುವ ಬೆಟ್ಟ ನೆಲದ ಮೇಲಿನ ಹಿಮನದಿಯಿಂದ ಮುರಿದು ಬಂದದ್ದು, ಅದು ಸಿಹಿನೀರು. ಎಂಡ್ಯೂರೆನ್ಸ್ ಅದಕ್ಕೆ ಡಿಕ್ಕಿ ಹೊಡೆದು ಮುಳುಗಿದ್ದಲ್ಲ. ಅದನ್ನು ಹಿಡಿದದ್ದು ಸಮುದ್ರದ ಉಪ್ಪುನೀರೇ ಹೆಪ್ಪುಗಟ್ಟಿದ ಮಂಜುಗಡ್ಡೆ. ಸೊನ್ನೆಗಿಂತ ಎರಡು ಡಿಗ್ರಿಯಷ್ಟು ಕೆಳಗೆ ಹೋದರೆ ಉಪ್ಪುನೀರೂ ಗಟ್ಟಿಯಾಗುತ್ತದೆ. ಚಪ್ಪಡಿ ಚಪ್ಪಡಿಯಾಗಿ ತೇಲುತ್ತದೆ. ಗಾಳಿ ಆ ಚಪ್ಪಡಿಗಳನ್ನು ಒಂದಕ್ಕೊಂದು ಒತ್ತುತ್ತದೆ, ಅಂಚುಗಳು ಒಂದರ ಮೇಲೊಂದು ಹತ್ತುತ್ತವೆ. ನಡುವೆ ಹಡಗು ಸಿಕ್ಕಿದರೆ ಅದನ್ನೂ ಒತ್ತುತ್ತವೆ. ಇದರಲ್ಲಿ ರಾಕ್ಷಸ ಎಲ್ಲಿದ್ದಾನೆ? ಅವನನ್ನು ತಂದು ನಿಲ್ಲಿಸಿದ ಕೂಡಲೇ ಈ ಕೆಲಸವೆಲ್ಲ ಓದುಗನ ಕಣ್ಣಿಗೆ ಬೀಳದೆ ಹೋಗುತ್ತದೆ.

ಆಮೇಲೆ ‘ನುಚ್ಚುನೂರು’. ನಿಮ್ಮದೇ ಕೊನೆಯ ಪುಟದಲ್ಲಿ, 2022ರಲ್ಲಿ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ತಳದಲ್ಲಿ, 3,008 ಮೀಟರ್ ಆಳದಲ್ಲಿ ಹಡಗು ನೆಟ್ಟಗೆ ಕೂತ ಹಾಗೆ ಸಿಕ್ಕಿತು, ಹಿಂಬದಿಯ ಹೆಸರು ಓದುವಂತಿತ್ತು ಎಂದಿದ್ದೀರಿ. ನುಚ್ಚುನೂರಾದದ್ದು ಹೀಗೆ ಸಿಗುತ್ತದೆಯೇ?

ನನಗೆ ತಡೆಯಲಾಗದೆ ಹೋದದ್ದು ‘ಕ್ಷಣಾರ್ಧ’. 1915ರ ಜನವರಿ 19ರ ಹೊತ್ತಿಗೆ ಹಡಗು ಅಲ್ಲಾಡದ ಹಾಗೆ ಸಿಕ್ಕಿಕೊಂಡಿತ್ತು. ಮುಳುಗಿದ್ದು ನವೆಂಬರ್ 21ಕ್ಕೆ. ಲೆಕ್ಕ ಹಾಕಿ, 306 ದಿನ. ಅಷ್ಟು ದಿನವೂ ಮಂಜುಗಡ್ಡೆ ಹಡಗನ್ನು ಹೊತ್ತುಕೊಂಡೇ ನೂರಾರು ಮೈಲಿ ಸರಿಯಿತು. ಯಾತ್ರೆಯ ನಾಯಕ ಶ್ಯಾಕಲ್ಟನ್ ಸೇರಿ 28 ಜನ ಅದರಲ್ಲೇ ಚಳಿಗಾಲ ಕಳೆದರು. ಗಡ್ಡೆಯ ಮೇಲೆ ಇಳಿದು ಫುಟ್‌ಬಾಲ್ ಆಡಿದರು. ಅಕ್ಟೋಬರ್ 27ಕ್ಕೆ ಹಡಗು ಬಿಟ್ಟು ಇಳಿದ ಮೇಲೂ ಅದು ಮೂರು ವಾರಕ್ಕಿಂತ ಜಾಸ್ತಿ ದಿನ ಮುಳುಗದೆ ನಿಂತಿತ್ತು. ಯಾಕೆ ಗೊತ್ತೇ? ಒಡೆದ ಮಂಜುಗಡ್ಡೆಯೇ ಅದನ್ನು ಎತ್ತಿ ಹಿಡಿದಿತ್ತು. ಕೊನೆಯ ಕೆಲವು ನಿಮಿಷ ಬೇಗ ಮುಗಿಯಿತು, ನಿಜ. ಆದರೆ ನೀವು ಆ ನಿಮಿಷಗಳನ್ನೂ ಬರೆದಿಲ್ಲ.

ನಾನು ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಂದು ಊರಿನ ಕೆರೆ ಏರಿ ಒಡೆದ ಸುದ್ದಿ ಬರೆದಿದ್ದೆ. ‘ಕ್ಷಣಾರ್ಧದಲ್ಲಿ ಏರಿ ಕೊಚ್ಚಿಹೋಯಿತು’ ಅಂತಲೇ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಆ ಪದಕ್ಕೆ ಕೆಂಪು ಸುತ್ತು ಹಾಕಿ ಕೇಳಿದ್ದು ಒಂದೇ ಪ್ರಶ್ನೆ: ‘ಮೊದಲ ನೀರು ಎಲ್ಲಿಂದ ಬಂತಪ್ಪ?’ ಗೊತ್ತಿಲ್ಲ ಅಂದೆ. ಬಸ್ ಚಾರ್ಜ್ ಕೊಟ್ಟು ವಾಪಸ್ ಕಳಿಸಿದರು. ನೀರಗಂಟಿ ಮುದುಕ ನನ್ನನ್ನು ಏರಿಯ ಕೆಳಗೆ ಕರೆದುಕೊಂಡು ಹೋಗಿ ಒಂದು ಹುಣಸೆ ಮರದ ಬುಡ ತೋರಿಸಿದ. ‘ಮೂರು ದಿನದ ಹಿಂದೆ ಇಲ್ಲಿ ಜಿನುಗ್ತಿತ್ತು ಸ್ವಾಮಿ. ತಿಳಿನೀರು ಜಿನುಗಿದ್ರೆ ಭಯ ಇಲ್ಲ. ಎರಡನೇ ದಿನ ಕೆಂಪಗೆ ಬಂತು. ಕೆಂಪು ನೀರು ಅಂದ್ರೆ ಏರಿ ಮಣ್ಣು ಒಳಗಿಂದ ಹೋಗ್ತಾ ಇದೆ ಅಂತ’ ಅಂದ. ಆ ರಾತ್ರಿಯೆಲ್ಲ ಊರಿನವರು ಮರಳಿನ ಮೂಟೆ ಹೊತ್ತಿದ್ದರು. ಇದೊಂದೂ ನನ್ನ ಸುದ್ದಿಯಲ್ಲಿ ಇರಲಿಲ್ಲ. ಇವತ್ತಿಗೂ ಆ ಹುಣಸೆ ಬುಡ ಕಣ್ಣಮುಂದೆ ಇದೆ.

ಎಂಡ್ಯೂರೆನ್ಸ್‌ಗೂ ಅಂಥ ಒಂದು ಜಾಗ ಇದೆ. ಅಕ್ಟೋಬರ್ 24ರ ಸಂಜೆ ಒತ್ತಡಕ್ಕೆ ಹಿಂಬದಿಯಲ್ಲಿ ಚುಕ್ಕಾಣಿ ಹೊತ್ತ ಕಂಬ ತಿರುಚಿತು, ಹಲಗೆಗಳ ಸಂದು ಬಿಟ್ಟಿತು. ಮೊದಲ ನೀರು ಬಂದದ್ದು ಅಲ್ಲಿಂದ. ಬಡಗಿ ಮೆಕ್‌ನಿಶ್ ನೀರಲ್ಲಿ ನಿಂತು ಎಂಜಿನ್ ಕೋಣೆಗೆ ಅಡ್ಡಗೋಡೆ ಕಟ್ಟಿದ, ಸಂದುಗಳಿಗೆ ಕಂಬಳಿ ಹರಿದು ತುರುಕಿದ. ಉಳಿದವರು ಸರದಿಯ ಮೇಲೆ ಪಂಪ್ ಒತ್ತಿದರು. ನಿಮ್ಮ ಲೇಖನದಲ್ಲಿ ಮೆಕ್‌ನಿಶ್ ಹೆಸರೇ ಇಲ್ಲ.

24ರಿಂದ 27ರವರೆಗಿನ ಈ ಮೂರು ದಿನವನ್ನು ಮಾತ್ರ ಮತ್ತೆ ಬರೆದು ಕಳಿಸಿ. ಎರಡು ಪುಟ ಆದರೂ ಚಿಂತೆಯಿಲ್ಲ, ಜಾಗ ನಾನು ಮಾಡಿಕೊಡುತ್ತೇನೆ. ಹರ್ಲಿಯ ಪ್ಯಾರಾ ಮಾತ್ರ ಮುಟ್ಟಬೇಡಿ. ಅದು ಇದ್ದ ಹಾಗೇ ಅಚ್ಚಾಗಲಿ.